ಬ್ಯಾಂಕಿನ ಕೌಂಟರೂ ನಾಳಿನ ಉದ್ಯೋಗವೂ

(ಕನ್ನಡ ಕೂಟದ ಸಭೆಯಲ್ಲಿ ನೀಡಿದ ಉಪನ್ಯಾಸದ ಸಂಗ್ರಹ)



ಯಂತ್ರ ಬಂದರೆ ಉದ್ಯೋಗ ಹೋಗುವುದೇ? ಈ ಪ್ರಶ್ನೆಯನ್ನು ನಮಗೆಲ್ಲ ಪರಿಚಿತವಾದ ಬ್ಯಾಂಕಿನ ಕೌಂಟರಿನ ಬಳಿ ನಿಂತು ವಿಚಾರಿಸೋಣ.

ಹಣ ನೀಡುವ ಯಂತ್ರವು 1967ರಲ್ಲಿ ಲಂಡನ್ನಿನ ಎನ್‌ಫೀಲ್ಡ್‌ನಲ್ಲಿಯೂ 1969ರಲ್ಲಿ ಅಮೆರಿಕದಲ್ಲಿಯೂ ಕಾಣಿಸಿಕೊಂಡಿತು. ಇನ್ನು ಕೌಂಟರಿನ ಗುಮಾಸ್ತರ ಕಾಲ ಮುಗಿಯಿತೆಂದು ಯಾರಿಗಾದರೂ ಅನ್ನಿಸಬೇಕು. ನಡೆದುದು ಬೇರೆ. ಅರ್ಥಶಾಸ್ತ್ರಜ್ಞ ಜೇಮ್ಸ್ ಬೆಸೆನ್ ತೋರಿಸಿಕೊಟ್ಟಂತೆ, 1988ರಿಂದ 2004ರೊಳಗೆ ಅಮೆರಿಕದ ನಗರಶಾಖೆಯೊಂದರಲ್ಲಿ ಸರಾಸರಿ 20 ಇದ್ದ ಗುಮಾಸ್ತರ ಸಂಖ್ಯೆ 13ಕ್ಕಿಳಿಯಿತು. ಶಾಖೆ ನಡೆಸುವ ವೆಚ್ಚ ತಗ್ಗಿದ್ದರಿಂದ ಬ್ಯಾಂಕುಗಳು ಹೊಸ ಶಾಖೆಗಳನ್ನು ತೆರೆದವು. ನಗರಗಳಲ್ಲಿ ಅವು ಶೇಕಡ 40ಕ್ಕೂ ಮಿಗಿಲಾಗಿ ಬೆಳೆದವು. ಒಟ್ಟು ಗುಮಾಸ್ತರ ಸಂಖ್ಯೆ ಕುಗ್ಗಲಿಲ್ಲ. (ರಾಜ್ಯದ ಗಡಿ ದಾಟಿ ಶಾಖೆ ತೆರೆಯಲು 1994ರ ಕಾನೂನು ಅವಕಾಶವಿತ್ತದ್ದೂ ಇದಕ್ಕೆ ಒತ್ತಾಸೆಯಾಯಿತೆಂಬುದನ್ನು ಯಂತ್ರದ ಭಕ್ತರು ಮರೆಯುತ್ತಾರೆ.)

ಬದಲಾದುದು ಕೌಶಲ. ನೋಟು ಎಣಿಸುವ ಬೆರಳಿನ ಚುರುಕು, ಲೆಡ್ಜರಿನ ದುಂಡನೆಯ ಅಕ್ಷರ ಇವುಗಳ ಬೆಲೆ ಇಳಿಯಿತು. ಗ್ರಾಹಕನ ಅಗತ್ಯವನ್ನರಿತು ಮಾತನಾಡುವ ಗುಣದ ಬೆಲೆ ಏರಿತು. ಲೆಡ್ಜರಿನಲ್ಲಿಯೇ ಕೂದಲು ನರೆತವನಿಗೆ ಈ ಅಂಕಿಅಂಶಗಳಿಂದ ಸಮಾಧಾನವಾಗದು.

ಭಾರತದ ಬ್ಯಾಂಕ್ ನೌಕರರ ಸಂಘಗಳು ಗಣಕಯಂತ್ರವನ್ನು ಬಹುಕಾಲ ವಿರೋಧಿಸಿ, 1983ರ ಒಪ್ಪಂದದಲ್ಲಿ ಅದರ ಮಿತವಾದ ಬಳಕೆಗೆ ಸಮ್ಮತಿಸಿದವು. ಆ ವಿರೋಧವನ್ನು ಹೀಗಳೆಯುವುದು ಸುಲಭ. ಆದರೆ ಆ ನಿಧಾನದಿಂದಲೇ ಅನೇಕರಿಗೆ ಕಲಿಯಲು ಕಾಲಾವಕಾಶ ದೊರೆಯಿತೆಂಬುದು ನನ್ನ ಅಭಿಪ್ರಾಯ. 2000–01ರಲ್ಲಿ ಸುಮಾರು 1 ಲಕ್ಷ ಮಂದಿ ಸ್ವಯಂನಿವೃತ್ತಿ ಪಡೆದು ಸರ್ಕಾರಿ ಬ್ಯಾಂಕುಗಳನ್ನು ತೊರೆದರು. ಗಣಕವೊಂದೇ ಅದಕ್ಕೆ ಕಾರಣವಲ್ಲ; ಕಾರಣಗಳಲ್ಲಿ ಅದೂ ಒಂದು.

ಎರಡನೆಯ ಅಲೆ ಇನ್ನೂ ಬಲವಾದದ್ದು. ಹಣದ ಯಂತ್ರ ಶಾಖೆಯೊಳಗಿನ ಒಂದು ಕೆಲಸವನ್ನು ಕಸಿದುಕೊಂಡಿತು. ಕೈಯಲ್ಲಿನ ಫೋನು ಶಾಖೆಯನ್ನೇ ಅನಗತ್ಯವಾಗಿಸುತ್ತಿದೆ. 2010ರ ತರುವಾಯ ಅಮೆರಿಕದಲ್ಲಿ ಶಾಖೆಗಳೂ ಗುಮಾಸ್ತರೂ ಕಡಿಮೆಯಾಗುತ್ತ ಬಂದಿದ್ದಾರೆ. ಮನುಷ್ಯನಿಗೇ ಮೀಸಲೆಂದುಕೊಂಡಿದ್ದ ಮಾತುಕತೆಗೂ ಕೃತಕ ಬುದ್ಧಿಮತ್ತೆ ಕೈಹಾಕಿದೆ. ಅಂತಹ ತಂತ್ರಾಂಶ ಬರೆಯುವವರು ಈ ಸಭೆಯಲ್ಲಿಯೇ ಹಲವರಿದ್ದೀರಿ. ಹೊಸ ವಿದ್ಯೆ ಕಲಿಯುವ ಖರ್ಚನ್ನು, ಕಲಿಯುವಷ್ಟು ಕಾಲದ ಸಂಬಳವನ್ನು ಯಾರು ಭರಿಸಬೇಕೆಂಬುದನ್ನು ಯಂತ್ರ ಕೊಳ್ಳುವ ದಿನವೇ ನಿರ್ಧರಿಸಬೇಕೆಂದು ನಾನು ವಾದಿಸುತ್ತೇನೆ.

ಉಡುಪಿಯಲ್ಲಿ 1928ರಲ್ಲಿ ಆರಂಭವಾದ ಪಿಗ್ಮಿ ಠೇವಣಿ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಏಜೆಂಟರು ಮನೆಮನೆಗೆ, ಅಂಗಡಿಯಂಗಡಿಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಉಳಿತಾಯವನ್ನೂ ಸಂಗ್ರಹಿಸುತ್ತಿದ್ದರು. ಸಹಕಾರಿ ಸಂಘಗಳ ಪಿಗ್ಮಿ ಸಂಗ್ರಾಹಕರು ಕರಾವಳಿಯಲ್ಲಿ ಈಗಲೂ ಓಡಾಡುತ್ತಾರೆ. ರಸೀದಿ ಮುದ್ರಿಸುವ ಕಿರುಯಂತ್ರ ಅವರ ಕೈಗೆ ಬಂದಿದೆ. ಯಾವ ಅಂಗಡಿಯವರು ಎಷ್ಟು ಹೊತ್ತಿಗೆ ಗಲ್ಲಾ ತೆರೆಯುತ್ತಾರೆಂಬುದನ್ನು ಮಾತ್ರ ಅವರೇ ನೆನಪಿಟ್ಟುಕೊಳ್ಳಬೇಕು.