ಹೊಸೂರಿನ ಕೆನಿಲ್‌ವರ್ತ್: ಒಂದು ಪಾಳುಮನೆ ಮತ್ತು ಒಂದು ಕಾದಂಬರಿ

ನಾನು ಮಾತಾಡ್ತಿರೋದು ಹೊಸೂರಿನ ಹಳೆ ಕೋಟೆಯ ಜಾಗದಲ್ಲಿ, ರಾಮನಾಯಕನ ಕೆರೆಯ ಹತ್ತಿರ ಪಾಳುಬಿದ್ದಿರುವ ಬ್ರೆಟ್ ಬಂಗಲೆಯ ಬಗ್ಗೆ. ಇದರ ಇನ್ನೊಂದು ಹೆಸರು ಕೆನಿಲ್‌ವರ್ತ್ ಕ್ಯಾಸಲ್. ಸೇಲಂ ಕಲೆಕ್ಟರ್ ಆಗಿದ್ದ ಬ್ರೆಟ್ 1860ರ ಸುಮಾರಿಗೆ ಇದನ್ನು ಕಟ್ಟಿಸಿದ.

ಜಾಗದ ಹಿನ್ನೆಲೆ ಚಿಕ್ಕದಾಗಿ ಹೇಳಿಬಿಡ್ತೀನಿ. ಇದು ಮೈಸೂರಿನ ಗಡಿಕೋಟೆ. 1791ರ ಜುಲೈನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಅದನ್ನು ಹಿಡಿಯಿತು. 1792ರಲ್ಲಿ ಬಾರಾಮಹಲ್, 1799ರಲ್ಲಿ ಹೊಸೂರು ಸೀಮೆ ಕಂಪನಿಗೆ ಹೋದವು. ಆಡಳಿತ ಮದ್ರಾಸಿನದಾದರೂ ಊರಿನ ಹೆಸರು ಮಾತ್ರ 'ಹೊಸ ಊರು' ಅಂತ ಕನ್ನಡದಲ್ಲೇ ಉಳಿಯಿತು.

ಜನ ಹೇಳುವ ಕಥೆ ಗೊತ್ತೇ ಇದೆ: ಕೆನಿಲ್‌ವರ್ತ್‌ನಂಥ ಅರಮನೆ ಇದ್ದರೆ ಮಾತ್ರ ಬರ್ತೀನಿ ಅಂತ ಇಂಗ್ಲೆಂಡಿನ ಹುಡುಗಿ ಪಟ್ಟು ಹಿಡಿದಳು, ದೊರೆ ಕಟ್ಟಿಸಿಯೇಬಿಟ್ಟ. ಇದು ದಾಖಲೆಯಲ್ಲ, ಐತಿಹ್ಯ. ಹಾಗಂತ ತಳ್ಳಿಹಾಕೋಕೂ ಆಗಲ್ಲ. ಯಾಕೆಂದರೆ ವಾರ್ವಿಕ್‌ಷೈರ್‌ನ ಅಸಲಿ ಕೋಟೆ 12ನೇ ಶತಮಾನದ್ದು. 17ನೇ ಶತಮಾನದ ಅಂತರ್ಯುದ್ಧದ ನಂತರ ಅದನ್ನು ಬೇಕಂತಲೇ ಕೆಡವಿದ್ದರು. ಬ್ರೆಟ್‌ನ ಕಾಲಕ್ಕೆ ಅದೇ ಒಂದು ಪಾಳು! ಹಾಗಾದರೆ ಆ ಹುಡುಗಿ ಬಯಸಿದ್ದು ಏನನ್ನು?

ನನಗನ್ನಿಸೋದು, ಅದು ವಾಲ್ಟರ್ ಸ್ಕಾಟ್‌ನ 'ಕೆನಿಲ್‌ವರ್ತ್' ಕಾದಂಬರಿಯ ಕೋಟೆ. 1821ರ ಆ ಪುಸ್ತಕ ಒಂದನೇ ಎಲಿಜಬೆತ್ 1575ರಲ್ಲಿ ಅಲ್ಲಿ ತಂಗಿದ್ದ ವೈಭವವನ್ನು ಚಿತ್ರಿಸುತ್ತದೆ. ತಮಾಷೆ ಅಂದ್ರೆ, ಅದರ ನಾಯಕಿ ಆಮಿ ಗಂಡ ಗುಟ್ಟಾಗಿ ಬಚ್ಚಿಟ್ಟ ಹೆಂಡತಿ, ಕೊನೆಗೆ ಮೋಸದಿಂದ ಸಾಯುತ್ತಾಳೆ. (ನಿಜವಾದ ಆಮಿ 1560ರಲ್ಲೇ ತೀರಿಕೊಂಡಿದ್ದಳು, ಸ್ಕಾಟ್ ಇಸವಿಗೆ ಹೆದರುವವನಲ್ಲ.) ಮದುವೆ ಹೆಣ್ಣಿಗೆ ಇಂಥ ಹೆಸರಿನ ಮನೆ ಯಾರಾದರೂ ಕಟ್ಟಿಸ್ತಾರಾ? ಪುಸ್ತಕ ಓದಿದವರಂತೂ ಯೋಚಿಸಬೇಕಿತ್ತು.

ಕನ್ನಡ ವಿದ್ಯಾರ್ಥಿಗಳಾದ ನಮಗೆ ಇದು ಯಾಕೆ ಬೇಕು? ಇದೇ ಸ್ಕಾಟ್‌ನ ರುಚಿ ನಮ್ಮಲ್ಲಿಗೂ ಬಂತು, ಬೇರೆ ದಾರಿಯಿಂದ. ಬಂಕಿಮರ 'ದುರ್ಗೇಶನಂದಿನಿ'ಯನ್ನು (1865) 'ಐವನ್‌ಹೋ' ಜತೆ ಹೋಲಿಸುವುದು ಹಳೆಯ ಚರ್ಚೆ. ಅದನ್ನು ಕನ್ನಡಕ್ಕೆ ತಂದವರು ಬಿ. ವೆಂಕಟಾಚಾರ್ಯರು. ಬ್ರೆಟ್ ಆ ರುಚಿಯನ್ನು ನಮ್ಮ ಕೋಟೆಯ ಮೇಲೆ ಗಾರೆಯಲ್ಲಿ ಕಟ್ಟಿದ. ನಮ್ಮವರು ಅದನ್ನು ಕೋಟೆಗಳ ಕಥೆ ಬರೆಯೋಕೆ ಬಳಸಿಕೊಂಡರು. ಆ ಗೋಡೆಗಳನ್ನು ಬರೀ ಪ್ರೇಮಕಥೆಯ ಸ್ಮಾರಕ ಅಂತ ತೋರಿಸಿದರೆ 1791ರ ಹೊಸೂರು ಅಡಿಯಲ್ಲೇ ಹೂತುಹೋಗುತ್ತದೆ. ಅಲ್ಲಿಗೆ ಹೋದವರು ಬಂಗಲೆಯ ಫೋಟೋ ತೆಗೆದು ಬರ್ತಾರೆ, ಕೋಟೆ ಎಲ್ಲಿತ್ತು ಅಂತ ಕೇಳೋದೇ ಇಲ್ಲ.