ಚಿತ್ರ ಎರಡು, ಆನೆ ಒಂದೇ

ಮಕ್ಕಳೇ, ಅಮ್ಮನ ಫೋನಿನಲ್ಲಿ ಕ್ಯಾಲೆಂಡರ್ ತೆಗೆದು ನೋಡಿ. ಒಂದು ಕಡೆ ಒತ್ತಿದರೆ ಇಡೀ ತಿಂಗಳು ಕಾಣುತ್ತದೆ, ಇನ್ನೊಂದು ಕಡೆ ಒತ್ತಿದರೆ ಬರೀ ಇವತ್ತಿನ ದಿನ. ದಿನದ ಪುಟದಲ್ಲಿ ಈಜಿನ ಕ್ಲಾಸನ್ನು 4 ಗಂಟೆಯಿಂದ 5ಕ್ಕೆ ಸರಿಸಿದರೆ ತಿಂಗಳ ಪುಟದಲ್ಲೂ ತಾನಾಗಿಯೇ 5 ಆಗಿರುತ್ತೆ. ಆದರೆ ಫ್ರಿಜ್ ಮೇಲೆ ಅಂಟಿಸಿರುವ ಟೈಮ್‌ಟೇಬಲ್‌ನಲ್ಲಿ ಇನ್ನೂ 4 ಗಂಟೆಯೇ! ಫೋನಿನ ಎರಡು ಪುಟಗಳು ಒಂದೇ ಮಾಹಿತಿಯ ಎರಡು ನೋಟಗಳು. ಫ್ರಿಜ್ ಮೇಲಿರುವುದು ನಕಲು. ಅದನ್ನು ಯಾರಾದರೂ ನೆನಪಿಟ್ಟುಕೊಂಡು ತಿದ್ದಬೇಕು.

ಸಾಫ್ಟ್‌ವೇರ್ ಮಾಡುವವರಿಗೂ ಇದೇ ತಲೆನೋವು. ಮನೆ ಕಟ್ಟುವ ಮೊದಲು ಪ್ಲಾನ್ ಹಾಕಿದ ಹಾಗೆ ನಾವೂ ಚಿತ್ರ ಬರೆಯುತ್ತೇವೆ. ಅದಕ್ಕೆ 1997ರಿಂದ ಯುಎಂಎಲ್ ಎಂಬ ಎಲ್ಲರೂ ಒಪ್ಪಿದ ಚಿತ್ರಭಾಷೆಯೇ ಇದೆ. ಒಂದೇ ಚಿತ್ರದಲ್ಲಿ ಎಲ್ಲವೂ ಹಿಡಿಸುವುದಿಲ್ಲ, ಆದ್ದರಿಂದ ಹಲವು ಚಿತ್ರಗಳು.

ನಾವು ಚೆಸ್ ಆಪ್ ಮಾಡುತ್ತಿದ್ದೇವೆ ಅಂದ್ಕೊಳ್ಳಿ. ಮೊದಲನೆಯದು ಕ್ಲಾಸ್ ಡಯಾಗ್ರಾಂ. ಯಾವ ಕಾಯಿಗಳಿವೆ, ಪ್ರತಿ ಕಾಯಿ ಏನೇನು ನೆನಪಿಡುತ್ತದೆ ಎಂದು ಅದರಲ್ಲಿರುತ್ತದೆ. ಆನೆಯ ಡಬ್ಬಿಯಲ್ಲಿ ಎರಡೇ ಸಾಲು: ಬಣ್ಣ, ನಿಂತಿರುವ ಮನೆ. ಎರಡನೆಯದು ಸೀಕ್ವೆನ್ಸ್ ಡಯಾಗ್ರಾಂ. ಆಟ ನಡೆಯುವಾಗ ಯಾರು ಯಾರನ್ನು ಏನು ಕೇಳುತ್ತಾರೆ ಎಂದು ಅದು ಬಾಣ ಹಾಕಿ ತೋರಿಸುತ್ತದೆ. ಕ್ಯಾಸ್ಲಿಂಗ್ ನಿಮಗೆ ಗೊತ್ತಲ್ವಾ? ರಾಜನೂ ಆ ಆನೆಯೂ ಅದುವರೆಗೆ ಒಮ್ಮೆಯೂ ಕದಲಿರಬಾರದು. ಹಾಗಾಗಿ ಎರಡನೇ ಚಿತ್ರದಲ್ಲಿ, "ಆನೆಯೇ, ನೀನು ಮೊದಲು ಕದಲಿದ್ದೀಯಾ?" ಎಂದು ಒಂದು ಬಾಣ. ಪಾಪ, ಆನೆ ಏನು ಹೇಳೀತು? ಅದು ಮೂಲೆಯ ಮನೆಯಲ್ಲಿದೆ, ಅಷ್ಟೇ ಅದಕ್ಕೆ ಗೊತ್ತು. ಒಂದು ಸುತ್ತು ಹೋಗಿ ವಾಪಸ್ ಬಂದಿದ್ದರೂ ಅದರ ನೆನಪಿನಲ್ಲಿ ಇಲ್ಲ. ಬಿಡಿಬಿಡಿಯಾಗಿ ನೋಡಿದರೆ ಎರಡೂ ಚಿತ್ರ ಸರಿಯೇ. ಪಕ್ಕಪಕ್ಕ ಇಟ್ಟಾಗಲೇ ತಪ್ಪು ಕಾಣುವುದು.

ಅದಕ್ಕೇ ಒಳ್ಳೆಯ ಟೂಲ್‌ಗಳು ಮಾಹಿತಿಯನ್ನು, ಅಂದರೆ ಮಾಡೆಲ್ ಅನ್ನು, ಒಂದೇ ಕಡೆ ಇಟ್ಟು ಚಿತ್ರಗಳನ್ನು ಬರೀ ನೋಟಗಳಾಗಿ ತೋರಿಸುತ್ತವೆ. ಒಂದು ಕಡೆ ಹೆಸರು ಬದಲಿಸಿದರೆ ಎಲ್ಲ ಕಡೆಯೂ ಬದಲಾಗುತ್ತದೆ. ಆನೆಗೆ ಉತ್ತರ ಗೊತ್ತಿರದ ಪ್ರಶ್ನೆ ಕೇಳಿದರೆ ಕೆಂಪು ಗುರುತು ಬೀಳುತ್ತದೆ. ಗುರುತು ಹಾಕಿ ಟೂಲ್ ಸುಮ್ಮನಿರಬೇಕು, ಕೆಲಸವನ್ನೇ ತಡೆಯಬಾರದು ಅನ್ನೋದು ನನ್ನ ಅಭಿಪ್ರಾಯ. ಪ್ರಬಂಧದ ಮೊದಲ ಕರಡಿನಲ್ಲೇ ಟೀಚರ್ ಪ್ರತಿ ಪದಕ್ಕೂ ನಿಲ್ಲಿಸಿದರೆ ಬರೆಯೋಕಾಗುತ್ತಾ? ಆದರೆ ಕೆಂಪು ಗುರುತು ಉಳಿದಿರುವಾಗ ಆ ಚಿತ್ರವನ್ನು ಮುಂದಿನವರ ಕೈಗೆ ದಾಟಿಸಬಾರದು.

ದಾಟಿಸಿದರೆ ಏನಾಗುತ್ತದೆ? ವಿಮಾನದ ಲೋಕದ ಒಂದು ಕಥೆ ಪೋಷಕರಿಗೆ ನೆನಪಿರಬಹುದು. ಎರಡು ಅಂತಸ್ತಿನ ಏರ್‌ಬಸ್ ಎ380ಯಲ್ಲಿ ಸುಮಾರು 530 ಕಿಲೋಮೀಟರ್ ವೈರ್ ಇದೆ. ಜರ್ಮನಿಯ ಹ್ಯಾಂಬರ್ಗ್‌ನವರು ಕಾಟಿಯಾ ಎಂಬ ವಿನ್ಯಾಸ ಸಾಫ್ಟ್‌ವೇರಿನ 4ನೇ ಆವೃತ್ತಿ ಬಳಸುತ್ತಿದ್ದರು, ಫ್ರಾನ್ಸಿನ ತುಲೂಸ್‌ನವರು 5ನೆಯದು. ಒಂದರಲ್ಲಿ ಮಾಡಿದ ಬದಲಾವಣೆ ಇನ್ನೊಂದಕ್ಕೆ ಸರಿಯಾಗಿ ದಾಟಲಿಲ್ಲ. ತುಲೂಸ್‌ನಲ್ಲಿ ಜೋಡಿಸಲು ಹೊರಟರೆ ಕೆಲವು ವೈರುಗಳ ಉದ್ದವೇ ಸಾಲದು! 2006ರಲ್ಲಿ ಬರಬೇಕಿದ್ದ ಮೊದಲ ವಿಮಾನ ಸಿಂಗಪುರ್ ಏರ್‌ಲೈನ್ಸ್ ಕೈ ಸೇರಿದ್ದು 2007ರ ಅಕ್ಟೋಬರ್‌ನಲ್ಲಿ.

ಸರಿ, ಚೆಸ್‌ಗೆ ವಾಪಸ್ ಬರೋಣ. ಆನೆಯ ಡಬ್ಬಿಗೆ "ಕದಲಿದೆಯೇ?" ಎಂಬ ಮೂರನೇ ಸಾಲು ಸೇರಿಸಿದರೆ ಅದರ ಸಮಸ್ಯೆ ಮುಗಿಯಿತು. ರಾಜನಿಗೂ ಒಂದು ಸೇರಿಸಿ. ಇನ್ನು ಎನ್ ಪಾಸಾಂಟ್: ಎದುರಾಳಿಯ ಕಾಲಾಳು ಈಗಷ್ಟೇ ಎರಡು ಮನೆ ದಾಟಿ ಪಕ್ಕದಲ್ಲಿ ಬಂದು ನಿಂತಿರಬೇಕು. "ಈಗಷ್ಟೇ" ಅನ್ನುವುದನ್ನು ನೆನಪಿಡುವವರು ಯಾರು, ಕಾಲಾಳೋ ಹಲಗೆಯೋ? ಎರಡೂ ಚಿತ್ರ ಬರೆದು ಮುಂದಿನ ಕ್ಲಾಸಿಗೆ ತನ್ನಿ, ಒಟ್ಟಿಗೆ ನೋಡೋಣ.