ಕುಳಿತುಕೊಳ್ಳುವುದೂ ಒಂದು ಹಕ್ಕು

ಮನೆಗೆ ಬಂದವರನ್ನು ‘ಬನ್ನಿ, ಕುಳಿತುಕೊಳ್ಳಿ’ ಎಂದು ಬರಮಾಡಿಕೊಳ್ಳುವುದು ನಮ್ಮ ನಾಡಿನ ಮೊದಲ ಉಪಚಾರ. ನೀರು, ಬೆಲ್ಲ ಬರುವುದು ಅನಂತರ. ಆದರೆ ಜವಳಿ ಅಂಗಡಿಗಳಲ್ಲಿ, ಚಿನ್ನಾಭರಣದ ಮಳಿಗೆಗಳಲ್ಲಿ ನಮಗೆ ಆಸನ ತೋರಿಸಿ, ತಾವು ಮಾತ್ರ ದಿನವಿಡೀ ನಿಂತೇ ದುಡಿಯುವ ಹೆಣ್ಣುಮಕ್ಕಳಿಗೆ ಆ ಮಾತನ್ನು ಹೇಳುವವರು ಯಾರು? ಕೊನೆಗೆ ಶಾಸನವೇ ಅದನ್ನು ಹೇಳಬೇಕಾಗಿ ಬಂದುದು ನಾವೆಲ್ಲರೂ ವಿಚಾರ ಮಾಡತಕ್ಕ ಸಂಗತಿಯಾಗಿದೆ.

ಈ ಚಿಂತನೆ ಹೊಸದೇನಲ್ಲ. ಬ್ರಿಟನ್ನಿನಲ್ಲಿ 1899ರಷ್ಟು ಹಿಂದೆಯೇ, ಅಂಗಡಿಗಳಲ್ಲಿ ದುಡಿಯುವ ಮೂವರು ಮಹಿಳೆಯರಿಗೆ ಒಂದರಂತೆ ಆಸನವಿರಬೇಕೆಂದು ಕಾಯಿದೆಯಾಯಿತು. ನಮ್ಮ ದೇಶದಲ್ಲಿ 1948ರ ಕಾರ್ಖಾನೆಗಳ ಕಾಯಿದೆಯ 44ನೆಯ ಕಲಮು, ನಿಂತು ಕೆಲಸ ಮಾಡುವ ಕಾರ್ಮಿಕರಿಗೆ ಬಿಡುವಿನಲ್ಲಿ ಕುಳಿತುಕೊಳ್ಳಲು ವ್ಯವಸ್ಥೆ ಇರಬೇಕೆಂದು ವಿಧಿಸಿತು. ಆದರೆ ಅಂಗಡಿ ಕಾರ್ಖಾನೆಯಲ್ಲವಷ್ಟೆ! ಅಂಗಡಿಯ ನೌಕರರಿಗೆ ಈ ಕಲಮಿನ ಆಸರೆ ಸಿಗಲಿಲ್ಲ.

ಕೋಳಿಕ್ಕೋಡಿನ ಹೋರಾಟ

ಈ ಕೊರತೆಯನ್ನು ಎತ್ತಿ ತೋರಿಸಿದವರು ಕೇರಳದ ಕೋಳಿಕ್ಕೋಡಿನ ಮಹಿಳೆಯರು. ಅಲ್ಲಿನ ಪ್ರಸಿದ್ಧ ವ್ಯಾಪಾರಬೀದಿಯಾದ ಮಿಠಾಯಿ ತೆರುವಿನಲ್ಲಿ ದುಡಿಯುವ ಹೆಂಗಸರಿಗೆ ಶೌಚಾಲಯವೂ ದುರ್ಲಭವಾಗಿತ್ತು. ಆ ಭಯದಿಂದ ಅವರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಿದ್ದರು. ಹೊಲಿಗೆಯ ಕೆಲಸ ಮಾಡುತ್ತಿದ್ದ ವಿಜಿ ಎಂಬ ಮಹಿಳೆ ಇವರನ್ನು ‘ಪೆಣ್‌ಕೂಟ್ಟ್’ ಎಂಬ ಸಂಘಟನೆಯಲ್ಲಿ ಒಗ್ಗೂಡಿಸಿದರು. ನಮ್ಮ ಮಾತಿನಲ್ಲಿ ಹೇಳುವುದಾದರೆ ‘ಹೆಣ್ಣುಕೂಟ’. ಮೊದಲು ಶೌಚಾಲಯಕ್ಕಾಗಿ, ಬಳಿಕ ಕುಳಿತುಕೊಳ್ಳುವ ಹಕ್ಕಿಗಾಗಿ ಈ ಕೂಟ ದನಿಯೆತ್ತಿತು. 2014ರ ಕೊನೆಯಲ್ಲಿ ತ್ರಿಶೂರಿನ ಜವಳಿ ಮಳಿಗೆಯೊಂದರ ಮಹಿಳೆಯರೂ ಮುಷ್ಕರ ಹೂಡಿದರು. ಅದರ ಹೆಸರೇ ‘ಇರಿಕ್ಕಲ್ ಸಮರಂ’, ಅಂದರೆ ಕೂರುವ ಹೋರಾಟ.

ಫಲವಾಗಿ 2018ರಲ್ಲಿ ಕೇರಳ ಸರ್ಕಾರವು ತನ್ನ 1960ರ ಅಂಗಡಿ ಕಾಯಿದೆಯನ್ನು ತಿದ್ದಿ, ಎಲ್ಲ ನೌಕರರಿಗೂ ಆಸನದ ಏರ್ಪಾಡನ್ನು ಕಡ್ಡಾಯಗೊಳಿಸಿತು. ಅದೇ ವರ್ಷ ಬಿ.ಬಿ.ಸಿ. ಪ್ರಕಟಿಸಿದ ಜಗತ್ತಿನ ನೂರು ಮಹಿಳೆಯರ ಪಟ್ಟಿಯಲ್ಲಿ ವಿಜಿಯವರ ಹೆಸರೂ ಸೇರಿತು. 2021ರಲ್ಲಿ ತಮಿಳುನಾಡು ಇದೇ ದಾರಿಯನ್ನು ಹಿಡಿಯಿತು. ಕಾಸರಗೋಡಿನಲ್ಲಿಯೂ ಹೊಸೂರಿನಲ್ಲಿಯೂ ಅಂಗಡಿಗಳಲ್ಲಿ ದುಡಿಯುವ ನಮ್ಮ ಕನ್ನಡ ಬಂಧುಗಳಿಗೂ ಈ ಕಾಯಿದೆಗಳ ರಕ್ಷಣೆಯುಂಟು.

ನಿಂತರೇನು ಕೇಡು?

‘ನಿಂತರೇನಾಯಿತು?’ ಎಂದು ಕೇಳುವವರಿದ್ದಾರೆ. ನಡೆಯುವಾಗ ಮೀನಖಂಡದ ಸ್ನಾಯುಗಳು ಹಿಗ್ಗಿ ಕುಗ್ಗಿ, ಕಾಲಿಗಿಳಿದ ರಕ್ತವನ್ನು ಹೃದಯದ ಕಡೆಗೆ ಮೇಲೆತ್ತುತ್ತವೆ. ಒಂದೇ ಕಡೆ ನಿಂತಾಗ ಈ ಕೆಲಸ ಕುಂಠಿತವಾಗಿ ರಕ್ತವು ಕೆಳಗೇ ತಂಗುತ್ತದೆ, ಪಾದಗಳು ಬಾತುಕೊಳ್ಳುತ್ತವೆ. ವರ್ಷಗಟ್ಟಲೆ ಹೀಗೆಯೇ ಸಾಗಿದರೆ ಕಾಲಿನ ರಕ್ತನಾಳಗಳು ಉಬ್ಬಿ ಗಂಟುಗಟ್ಟುವ ಸಂಭವ ಹೆಚ್ಚು. ಸೊಂಟನೋವಂತೂ ಇದ್ದದ್ದೇ. ಬಸುರಿಯರ ಕಷ್ಟವನ್ನು ಬೇರೆ ಹೇಳಬೇಕಾಗಿಲ್ಲ.

ಆದರೆ ಈ ಕಾಯಿದೆಗಳು ಹೇಳುವುದು ಕೆಲಸದ ನಡುವೆ ಅವಕಾಶ ದೊರೆತಾಗ ಕುಳಿತುಕೊಳ್ಳಬಹುದು ಎಂದು ಮಾತ್ರ. ಆ ಅವಕಾಶ ಯಾವಾಗ ದೊರೆಯಿತೆಂದು ತೀರ್ಮಾನಿಸುವವರು ಯಾರು? ಮೇಲ್ವಿಚಾರಕನ ಕಣ್ಣು ಕೆಂಪಾದರೆ ಮೂಲೆಯ ಕುರ್ಚಿ ಖಾಲಿಯಾಗಿಯೇ ಉಳಿಯುತ್ತದೆ. ‘ನೌಕರರು ಕುಳಿತಿದ್ದರೆ ಗಿರಾಕಿಗಳು ಸೋಮಾರಿಗಳೆಂದು ತಿಳಿಯುತ್ತಾರೆ’ ಎಂಬುದು ಮಾಲೀಕರ ಸಮಜಾಯಿಷಿ. ಆ ಗಿರಾಕಿಗಳು ಬೇರೆ ಯಾರೂ ಅಲ್ಲ, ನಾವೇ.

ಆದುದರಿಂದ ಈ ವಿಷಯದಲ್ಲಿ ಗೃಹಸ್ಥರ ಹೊಣೆಯೂ ಸಣ್ಣದಲ್ಲ. ಮದುವೆಯ ಜವಳಿಗೆಂದು ಹತ್ತು ಜನ ಹೋಗಿ ನೂರು ಸೀರೆ ಬಿಚ್ಚಿಸುತ್ತೇವೆ. ಅವುಗಳನ್ನೆಲ್ಲ ಮತ್ತೆ ಮಡಿಸಿಡುವ ಹುಡುಗಿಯ ಕಾಲುಗಳನ್ನು ನಾವು ನೆನೆಯುವುದಿಲ್ಲ. ಅವಳು ಕುಳಿತು ಸೀರೆ ಮಡಿಸುತ್ತಿದ್ದರೆ ಮುಖ ಸಿಂಡರಿಸದಿರೋಣ. ಕುಳಿತೇ ಉತ್ತರಿಸಿದರೆ ಅದನ್ನು ಅಗೌರವವೆಂದು ಎಣಿಸದಿರೋಣ. ಅಂಗಡಿಯ ಯಜಮಾನರು ಪರಿಚಿತರಾಗಿದ್ದರೆ, ‘ಇವರಿಗೂ ಒಂದು ಸ್ಟೂಲು ಹಾಕಿಸಿ’ ಎಂದು ಸೌಜನ್ಯದಿಂದ ಸೂಚಿಸೋಣ. ಕುರ್ಚಿಯನ್ನು ಕಾಯಿದೆ ಒದಗಿಸಬಲ್ಲದು. ಅದರಲ್ಲಿ ಅಳುಕಿಲ್ಲದೆ ಕುಳಿತುಕೊಳ್ಳುವ ಧೈರ್ಯ ಅವರಿಗೆ ಬರುವುದು ನಮ್ಮ ನಡವಳಿಕೆಯಿಂದಲೇ.